ಕೊಂಬೆಗೆಷ್ಟು, ಸೊಪ್ಪಿಗೆಷ್ಟು?

ಕೇಳುಗರಿಗೆಲ್ಲ ನಮಸ್ಕಾರ. ಮನೆ ಅಂಗಳದ ಮರದ ಕೊಂಬೆ ಕಡಿಸಲು ಎಷ್ಟು ಖರ್ಚಾಗುತ್ತದೆ, ಐದು ನಿಮಿಷದಲ್ಲಿ ಹೇಳಿ ಅಂತ ರೇಡಿಯೋದವರು ಅಂದಿದ್ದಾರೆ. ಮೂವತ್ತು ವರ್ಷ ತೋಟಗಾರಿಕೆಯಲ್ಲೇ ಕೆಲಸ ಮಾಡಿದವನು ನಾನು. ಆದರೂ ನನ್ನ ಮನೆಯ ಮರಕ್ಕೇ ಲೆಕ್ಕ ತಪ್ಪಿದೆ. ಅದಕ್ಕೇ ಮೊದಲೇ ಹೇಳಿಬಿಡುತ್ತೇನೆ: ಕಡಿಯುವುದು ಅಗ್ಗ, ಸಾಗಿಸುವುದು ದುಬಾರಿ. ರೇಟು ಮಾತಾಡುವಾಗ, ‘ಸೊಪ್ಪು ಸಾಗಿಸೋದೂ ಸೇರಿ ಎಷ್ಟಪ್ಪಾ?’ ಅಂತ ಕೇಳಿ.

ಮೈಸೂರಿನ ನಮ್ಮ ಮನೆ ಹಿಂದೆ ಒಂದು ಬಾದಾಮಿ ಮಾವಿನ ಮರ ಇದೆ. ಅದರ ಒಂದು ಕೊಂಬೆ ಪಕ್ಕದ ಮನೆ ತಾರಸಿಗೆ ಚಾಚಿತ್ತು. ಎಲೆ ಉದುರಿ ಅವರ ಮಳೆನೀರಿನ ಪೈಪು ಕಟ್ಟಿಕೊಳ್ಳುತ್ತಿತ್ತು. ಹಣ್ಣು ಮುಗಿದ ಮೇಲೆ, ಜುಲೈನಲ್ಲಿ, ಇಬ್ಬರು ಆಳುಗಳನ್ನು ಕರೆಸಿದೆ. ಮಾವಿಗೆ ಅದೇ ಸರಿಯಾದ ಕಾಲ. ಡಿಸೆಂಬರ್‌ನಲ್ಲಿ ಕಡಿಸಿದರೆ ಹೂವಿನ ಜೊತೆ ಮುಂದಿನ ಫಸಲೂ ಹೋಗುತ್ತದೆ. ಅವರು 3,000 ರೂಪಾಯಿ ಅಂದರು, ನಾನು ಚೌಕಾಸಿ ಮಾಡಿ 2,500ಕ್ಕೆ ಇಳಿಸಿದೆ. ಭಾರಿ ಜಾಣ ಅಂದುಕೊಂಡೆ.

ಒಬ್ಬ ಮಚ್ಚು ಸೊಂಟಕ್ಕೆ ಸಿಕ್ಕಿಸಿಕೊಂಡು ಹತ್ತಿದ. ಮೊದಲ ಕವಲು ಮುಟ್ಟುವಷ್ಟರಲ್ಲಿ ಚಗಳಿ! ಎಲೆ ಹೊಲಿದು ಗೂಡು ಕಟ್ಟುವ ಕೆಂಪು ಇರುವೆ, ಗೊತ್ತಲ್ವಾ? ಗೂಡಿಗೆ ಕೈ ತಗುಲಿತು, ಅಂಗಿಯೊಳಗೆಲ್ಲ ಇರುವೆ. ಅಂಗಿ ಕಳಚಿ ಕೆಳಕ್ಕೆ ಎಸೆದು, ‘ಬೂದಿ ಕೊಡಿ ತಾಯಿ’ ಅಂತ ಮೇಲಿಂದಲೇ ಕೂಗಿದ. ಗ್ಯಾಸ್ ಒಲೆಯ ಮನೆಯಲ್ಲಿ ಬೂದಿ ಎಲ್ಲಿಂದ ಬರಬೇಕು? ನನ್ನ ಹೆಂಡತಿ ದೇವರಮನೆಯ ವಿಭೂತಿ ಗಟ್ಟಿ ತಂದಳು. ಅದನ್ನೇ ಮೈಗೆಲ್ಲ ಉಜ್ಜಿಕೊಂಡ. ಕೆಳಗಿದ್ದವನು ಕೈ ಮುಗಿದು ನಕ್ಕಿದ್ದೇ ನಕ್ಕಿದ್ದು.

ಕೆಲಸ ಮಾತ್ರ ಅಚ್ಚುಕಟ್ಟು. ಕೊಂಬೆಗೆ ಹಗ್ಗ ಬಿಗಿದು ನಿಧಾನವಾಗಿ ಇಳಿಸಿದರು, ಪಕ್ಕದ ಮನೆಯ ಒಂದು ಹೂಕುಂಡವೂ ಒಡೆಯಲಿಲ್ಲ. ಮಧ್ಯಾಹ್ನ ಒಂದು ಗಂಟೆಗೆ ಕೈಕಾಲು ತೊಳೆದು, ದುಡ್ಡು ಎಣಿಸಿಕೊಂಡು, ಬೈಕು ಹತ್ತಿದರು. ‘ಈ ಸೊಪ್ಪು?’ ಅಂದೆ. ‘ಕಡಿಯೋದಕ್ಕೆ ತಾನೇ ಮಾತಾಡಿದ್ದು ಸಾರ್?’ ಅಂದರು. ತಪ್ಪು ನನ್ನದೇ.

ಬೆಳಿಗ್ಗೆ ಬರುವ ಕಸದ ಗಾಡಿಯವರು ಮುಟ್ಟಲಿಲ್ಲ. ನಾಲ್ಕು ದಿನ ಗೇಟು ತೆರೆಯಲು ಜಾಗವಿರಲಿಲ್ಲ. ಕೊನೆಗೆ ಟೆಂಪೋದವನು ಬಂದ. ಟ್ರಿಪ್ಪಿಗೆ 1,800, ಎರಡು ಟ್ರಿಪ್ಪು. ಕಡಿಯಲು 2,500, ಸಾಗಿಸಲು 3,600. ಒಟ್ಟು 6,100! ನಾನು ಚೌಕಾಸಿ ಮಾಡಿ ಉಳಿಸಿದ್ದು 500. ಅದಕ್ಕೇ ಮತ್ತೆ ಹೇಳುತ್ತಿದ್ದೇನೆ, ಸಾಗಿಸೋದೂ ಸೇರಿ ಎಷ್ಟು ಅಂತ ಕೇಳಿ.

ಗಾಜಿನ ಆಚೆಯಿಂದ ಆಗಲೇ ಕೈ ತೋರಿಸುತ್ತಿದ್ದಾರೆ. ಉಳಿದದ್ದು ಬೇಗ ಹೇಳುತ್ತೇನೆ. ಮರದ ಕೆಳಗೆ ಶೀಟು, ಹೆಂಚು ಇದ್ದರೆ ರೇಟು ಜಾಸ್ತಿ, ಅದು ನ್ಯಾಯವೇ. ಮೊದಲ ಗಾಳಿಮಳೆ ಬಿದ್ದ ಮಾರನೇ ದಿನ ಕರೆದರೆ ಇನ್ನೂ ಜಾಸ್ತಿ. ದಪ್ಪ ಕೊಂಬೆ ಸೌದೆಗೆ ಆಗುತ್ತದೆ. ಅದನ್ನು ಅವರಿಗೇ ಬಿಟ್ಟು ರೇಟು ಇಳಿಸಿಕೊಳ್ಳಿ. ಕೊಂಬೆ ಕರೆಂಟು ತಂತಿಗೆ ತಾಗುತ್ತಿದ್ದರೆ ವಿದ್ಯುತ್ ಸಹಾಯವಾಣಿ 1912ಕ್ಕೆ ಫೋನ್ ಮಾಡಿ. ಲೈನ್ ಆಫ್ ಆಗುವವರೆಗೆ ಯಾರನ್ನೂ ಹತ್ತಿಸಬೇಡಿ. ನೂರಿನ್ನೂರು ಜಾಸ್ತಿ ಕೊಡುತ್ತೇನೆ, ಹತ್ತಪ್ಪಾ ಅನ್ನುವವರನ್ನು ಕಂಡರೆ ನನಗೆ ಸಿಟ್ಟೇ ಬರುತ್ತದೆ. ಇಡೀ ಮರ ಕಡಿಸಬೇಕಾದರೆ ವೃಕ್ಷ ಅಧಿಕಾರಿಗೆ ಅರ್ಜಿ ಕೊಡಿ. ನಿಮ್ಮದೇ ಅಂಗಳವಾದರೂ ಮರ ಉಳಿಸಲು ನಮ್ಮ ರಾಜ್ಯದ 1976ರ ಕಾಯ್ದೆ ಇದೆ. ದಪ್ಪ ಕೊಂಬೆಯನ್ನು ಮೊದಲು ಕೆಳಗಿನಿಂದ ಸ್ವಲ್ಪ ಕೊಯ್ದು, ಆಮೇಲೆ ಮೇಲಿನಿಂದ ಕೊಯ್ಯಲು ಹೇಳಿ. ಇಲ್ಲದಿದ್ದರೆ ಕಾಂಡದ ಸಿಪ್ಪೆ ಸೀಳಿ ಬರುತ್ತದೆ. ಕೊಯ್ದ ಜಾಗಕ್ಕೆ ಮೈಲುತುತ್ತ, ಸುಣ್ಣ ಸೇರಿಸಿ ಮಾಡಿದ ಬೋರ್ಡೋ ಮುಲಾಮು ಹಚ್ಚಿ.

ತೆಂಗಿನ ಮರದ ವಿಷಯ ಉಳಿದೇ ಹೋಯಿತು. ಅಲ್ಲೂ ಅಷ್ಟೇ, ಒಣಗರಿ ಯಾರು ಒಯ್ಯುತ್ತಾರೆ ಅಂತ ಮೊದಲೇ ಕೇಳಿ. ನಮಸ್ಕಾರ.