ವೈಫೈ ನಿಧಾನ ಅಂತ ಡಿಸ್ಟ್ರೋ ಬದಲಾಯಿಸಬೇಡಿ

ಲಿನಕ್ಸ್ ಹಾಕಿದ ಮೇಲೆ ವೈಫೈ ತೆವಳುತ್ತಿದೆ ಅಂದರೆ ಎರಡು ಸಲಹೆ ತಕ್ಷಣ ಸಿಗುತ್ತವೆ. ಬೇರೆ ಡಿಸ್ಟ್ರೋ, ಅಂದರೆ ಲಿನಕ್ಸ್‌ನ ಬೇರೊಂದು ರೂಪ, ಹಾಕಿ ನೋಡಿ. ಇಲ್ಲವೇ ಈ ಹತ್ತು ಕಮಾಂಡ್ ಟರ್ಮಿನಲ್‌ಗೆ ಪೇಸ್ಟ್ ಮಾಡಿ. ಎರಡನ್ನೂ ನಾನು ಒಪ್ಪುವುದಿಲ್ಲ. ಹತ್ತರಲ್ಲಿ ಒಂದು ಕೆಲಸ ಮಾಡಿತು ಅಂದುಕೊಳ್ಳಿ. ಯಾವುದು ಅಂತ ಹೇಗೆ ಗೊತ್ತಾಗಬೇಕು? ಮುಂದಿನ ಅಪ್‌ಡೇಟ್‌ನಲ್ಲಿ ಮತ್ತೆ ಕೆಟ್ಟರೆ ಮತ್ತೆ ಮೊದಲಿನಿಂದ ಶುರು, ಅಲ್ವಾ?

ಮೊದಲು ಅಳೆಯಿರಿ. ಸ್ಪೀಡ್ ಟೆಸ್ಟ್ ಬೇಡ, ಅದರಲ್ಲಿ ನಿಮ್ಮ ಇಂಟರ್ನೆಟ್ ಲೈನಿನ ತೊಂದರೆಯೂ ಸೇರಿಕೊಳ್ಳುತ್ತದೆ. ನಿಮ್ಮ ರೌಟರ್‌ಗೇ ಪಿಂಗ್ ಮಾಡಿ, ಪುಟ್ಟ ಸಂದೇಶ ಹೋಗಿ ಉತ್ತರ ಬರಲು ಎಷ್ಟು ಹೊತ್ತು ಅಂತ ಅದು ತೋರಿಸುತ್ತದೆ. ಆಮೇಲೆ ಟರ್ಮಿನಲ್‌ನಲ್ಲಿ ಐಡಬ್ಲ್ಯೂ ಡೆವ್ (iw dev), ವೈಫೈ ಕಾರ್ಡಿನ ಹೆಸರು, ಲಿಂಕ್ (link) ಅಂತ ಟೈಪ್ ಮಾಡಿ. ಸಿಗ್ನಲ್ ಎಷ್ಟು, ಬಿಟ್‌ರೇಟ್ ಎಷ್ಟು ಅಂತ ಕಾರ್ಡೇ ಹೇಳುತ್ತದೆ. ಸಿಗ್ನಲ್ ಮೈನಸ್ 50 ಡಿಬಿಎಂ (ಅದರ ಬಲದ ಅಳತೆ) ಇದ್ದರೆ ಚೆನ್ನಾಗಿದೆ. ಮೈನಸ್ 80 ಅಂದರೆ ತೀರಾ ದುರ್ಬಲ.

ಸಿಗ್ನಲ್ ಚೆನ್ನಾಗಿದೆ, ಆದರೆ ಪಿಂಗ್ ಮಾತ್ರ 3 ಮಿಲಿಸೆಕೆಂಡ್‌ನಿಂದ ನೂರಕ್ಕೆ, ಇನ್ನೂರಕ್ಕೆ ಹಾರುತ್ತಿದೆ. ಹಾಗಿದ್ದರೆ ನನ್ನ ಮೊದಲ ಅನುಮಾನ ಪವರ್ ಸೇವ್ ಮೇಲೆ. ರೌಟರ್ ಸಾಮಾನ್ಯವಾಗಿ ಸೆಕೆಂಡಿಗೆ ಸುಮಾರು ಹತ್ತು ಸಲ ಬೀಕನ್ ಅನ್ನುವ ಪುಟ್ಟ ಸಂಕೇತ ಕಳಿಸುತ್ತದೆ. ಬ್ಯಾಟರಿ ಉಳಿಸಲು ಕಾರ್ಡ್ ಬೀಕನ್‌ಗಳ ಮಧ್ಯೆ ನಿದ್ದೆ ಹೋಗುತ್ತದೆ, ಅದು ಏಳುವವರೆಗೆ ನಿಮ್ಮ ಪ್ಯಾಕೆಟ್ ಕಾಯುತ್ತಾ ಕೂರುತ್ತದೆ. ಕಾರ್ಡನ್ನು ನಡೆಸುವ ಕೆಲವು ಡ್ರೈವರ್‌ಗಳು ಇದನ್ನು ಸರಿಯಾಗಿ ನಿಭಾಯಿಸುವುದಿಲ್ಲ. ಪವರ್ ಸೇವ್ ಆಫ್ ಮಾಡಿ ಮತ್ತೆ ಪಿಂಗ್ ನೋಡಿ. ಸರಿಹೋದರೆ ನೆಟ್‌ವರ್ಕ್ ಮ್ಯಾನೇಜರ್‌ನಲ್ಲಿ ವೈಫೈ ಪವರ್‌ಸೇವ್ ಮೌಲ್ಯವನ್ನು 2 (ಅಂದರೆ ಆಫ್) ಅಂತ ಬರೆದಿಡಿ, ರೀಬೂಟ್ ಆದರೂ ಉಳಿಯುತ್ತದೆ.

ರೌಟರ್ ಪಕ್ಕದಲ್ಲೇ ಕೂತರೂ ಸಿಗ್ನಲ್ ಕಡಿಮೆಯೇ? ಒಳಗೆ ಆಂಟೆನಾ ತಂತಿ ಬಿಟ್ಟಿರಬಹುದು. ಒಂದೇ ಆಂಟೆನಾ ಇರುವ ಕೆಲವು ರಿಯಲ್‌ಟೆಕ್ ಕಾರ್ಡ್‌ಗಳಲ್ಲಿ ಡ್ರೈವರ್ ತಪ್ಪು ಕನೆಕ್ಟರ್ ಆರಿಸಿಕೊಳ್ಳುವುದೂ ಉಂಟು. ಇನ್ನು ಯುಎಸ್‌ಬಿ 3 ಸಾಧನಗಳ ರೇಡಿಯೋ ಗದ್ದಲ 2.4 ಗಿಗಾಹರ್ಟ್ಸ್ ವೈಫೈಗೆ ತಾಗುತ್ತದೆ. ಹಾರ್ಡ್ ಡಿಸ್ಕ್ ಸಿಕ್ಕಿಸಿದ ಕೂಡಲೇ ವೈಫೈ ಕುಸಿದರೆ ಅದನ್ನು ದೂರ ಇಡಿ, ಅಥವಾ 5 ಗಿಗಾಹರ್ಟ್ಸ್‌ಗೆ ಹೋಗಿ.

ಡಿಮೆಸೇಜ್‌ನಲ್ಲಿ (dmesg, ಲಿನಕ್ಸ್‌ನ ತಿರುಳಾದ ಕರ್ನಲ್ ಬರೆದಿಡುವ ಸಂದೇಶಗಳು) ಫರ್ಮ್‌ವೇರ್ ಸಿಗಲಿಲ್ಲ ಅನ್ನುವ ಸಾಲು ಇದ್ದರೆ ಮಾತ್ರ ನನಗೆ ನಿಜವಾಗಿ ಸಿಟ್ಟು ಬರುತ್ತದೆ. ಬಳಸುವವರ ಮೇಲಲ್ಲ, ಚಿಪ್ ಕಂಪನಿಗಳ ಮೇಲೆ. ಡ್ರೈವರಿನ ಕೋಡ್ ಎಲ್ಲರಿಗೂ ಮುಕ್ತವಾಗಿದ್ದರೂ ಕಾರ್ಡಿನೊಳಗೆ ಓಡುವ ಫರ್ಮ್‌ವೇರನ್ನು ಹೆಚ್ಚಿನವರು ಮುಚ್ಚಿಟ್ಟೇ ಕೊಡುತ್ತಾರೆ. ಅದರಲ್ಲಿ ದೋಷವಿದ್ದರೆ ಬೇರೆ ಯಾರೂ ತಿದ್ದಲಾಗದು. ಎಟಿಎಚ್9ಕೆ ಡ್ರೈವರ್ ಬಳಸುವ ಆಥೆರೋಸ್ ಕಂಪನಿಯ ಹಳೆಯ ಕಾರ್ಡ್‌ಗಳಿಗೆ ಅಂಥ ಫೈಲೇ ಬೇಕಿರಲಿಲ್ಲ, ಅವು ಇವತ್ತಿಗೂ ಸುಮ್ನೆ ಕೆಲಸ ಮಾಡುತ್ತವೆ. ಡೆಬಿಯನ್ ಅನ್ನುವ ಡಿಸ್ಟ್ರೋ 2022ರಲ್ಲಿ ಮತ ಹಾಕಿ, 2023ರ 12ನೇ ಆವೃತ್ತಿಯಿಂದ ಮುಚ್ಚಿದ ಫರ್ಮ್‌ವೇರನ್ನೂ ಅಧಿಕೃತ ಇನ್‌ಸ್ಟಾಲರ್‌ನಲ್ಲೇ ಕೊಡುತ್ತಿದೆ. ತತ್ವಕ್ಕೆ ನೋವಾದರೂ ಅದು ಸರಿಯಾದ ತೀರ್ಮಾನ ಅಂತ ನಾನು ನಂಬುತ್ತೇನೆ. ನೆಟ್ಟೇ ಬರದಿದ್ದರೆ ಹೊಸಬರು ಫರ್ಮ್‌ವೇರ್ ಇಳಿಸಿಕೊಳ್ಳುವುದಾದರೂ ಹೇಗೆ?

ಹೊಸ ಕಾರ್ಡ್ ಕೊಳ್ಳುವುದಿದ್ದರೆ ಡಬ್ಬಿ ಮೇಲಿನ ಬ್ರಾಂಡ್ ನೋಡಬೇಡಿ, ಒಳಗಿನ ಚಿಪ್ ಯಾವುದು ಅಂತ ನೋಡಿ. ಮಾಡೆಲ್ ಹೆಸರು ಅದೇ ಇಟ್ಟು, ಆವೃತ್ತಿ ಬದಲಾದಾಗ ಚಿಪ್ಪನ್ನೇ ಬದಲಾಯಿಸುವವರಿದ್ದಾರೆ. ಡ್ರೈವರ್ ಕರ್ನಲ್‌ನಲ್ಲೇ ಇರುವ ಚಿಪ್ ಆರಿಸಿ. ಹೊರಗಿನಿಂದ ತಂದು ಕಂಪೈಲ್ ಮಾಡುವ ಡ್ರೈವರ್ ಇವತ್ತು ಓಡಬಹುದು, ಮುಂದಿನ ಕರ್ನಲ್ ಅಪ್‌ಡೇಟ್‌ಗೆ ನಿಂತುಹೋಗಬಹುದು.