ನ್ಯೂವ್ ಶಪೆಲ್‌ನಲ್ಲಿ ಇಪ್ಪತ್ತೈದು ನಿಮಿಷ

ನಮಸ್ಕಾರ. ಈಗ ನೀವು ನೋಡುತ್ತಿರುವುದು ಬೆಲ್ಜಿಯಂನ ಈಪರ್ ಪಟ್ಟಣದ ಹೊರಗಿನ ಒಂದು ಹೊಲದ ಬದು. ಕಂಬದ ಬುಡದಲ್ಲಿ ತುಕ್ಕು ಹಿಡಿದು ಬಿದ್ದಿರುವುದು ಹಳೆಯ ಪೈಪಿನ ತುಂಡಲ್ಲ, ಮೊದಲನೆಯ ಮಹಾಯುದ್ಧದ ಫಿರಂಗಿ ಗುಂಡು. ನೂರು ವರ್ಷ ಕಳೆದರೂ ಉಳುಮೆಯ ಹೊತ್ತಿನಲ್ಲಿ ಇಂಥವು ಮಣ್ಣಿನಿಂದ ಮೇಲೆ ಬರುತ್ತಲೇ ಇವೆ; ರೈತರು ರಸ್ತೆಯ ಬದಿಗೆ ತಂದಿಟ್ಟರೆ ಸೇನೆಯವರು ಬಂದು ಒಯ್ಯುತ್ತಾರೆ. ಮುಟ್ಟಬಾರದೆಂದು ನಮ್ಮ ಮೇಷ್ಟ್ರು ಮೂರು ಸಲ ಹೇಳಿದ್ದರಿಂದ ದೂರದಿಂದಲೇ ಚಿತ್ರೀಕರಿಸಿದ್ದೇನೆ.

ನಾನು ಓದುತ್ತಿರುವುದು ಇಂಗ್ಲೆಂಡಿನಲ್ಲಿ. ನಮ್ಮ ಶಾಲೆಗಳಿಗೆ ಬೇಲೂರು, ಹಳೇಬೀಡು ಹೇಗೋ ಅಲ್ಲಿನ ವಿದ್ಯಾರ್ಥಿಗಳಿಗೆ ಈ ರಣಭೂಮಿಗಳ ಪ್ರವಾಸ ಹಾಗೆ. ಡೋವರ್‌ನಿಂದ ಹಡಗಿನಲ್ಲಿ ಕ್ಯಾಲೆಗೆ ಬಂದು, ಬಸ್ಸಿನಲ್ಲಿ ಹಾಡು ಹೇಳುತ್ತ, ಚಾಕೊಲೇಟ್ ಅಂಗಡಿಗಳ ಲೆಕ್ಕ ಹಾಕುತ್ತ ಹೋದ ನಮ್ಮ ಗುಂಪು ಟೈನ್ ಕಾಟ್ ಸಮಾಧಿ ಸ್ಥಳದ ಬಾಗಿಲಲ್ಲಿ ತಾನಾಗಿಯೇ ಸುಮ್ಮನಾಯಿತು. ಅಲ್ಲಿರುವ ಸುಮಾರು 12,000 ಸಮಾಧಿಗಳಲ್ಲಿ 8,300ಕ್ಕೂ ಹೆಚ್ಚಿನವು ಹೆಸರಿಲ್ಲದವು. ಆ ಬಿಳಿಯ ಕಲ್ಲುಗಳ ಮೇಲೆ ಹೆಸರಿನ ಬದಲು ‘ದೇವರಿಗೆ ಮಾತ್ರ ಗೊತ್ತಿರುವವನು’ ಎಂಬರ್ಥದ ಸಾಲಿದೆ.

ಸಂಜೆ ಎಂಟಕ್ಕೆ ಈಪರ್‌ನ ಸ್ಮಾರಕ ದ್ವಾರವಾದ ಮೆನಿನ್ ಗೇಟ್ ತಲುಪಿದೆವು. ಗುರುತಿಸಿದ ಸಮಾಧಿಯಿಲ್ಲದ 54,000ಕ್ಕೂ ಹೆಚ್ಚು ಸೈನಿಕರ ಹೆಸರುಗಳಿರುವ ಆ ಕಮಾನಿನಡಿಯಲ್ಲಿ 1928ರಿಂದ, ಎರಡನೆಯ ಮಹಾಯುದ್ಧದ ಜರ್ಮನ್ ಆಕ್ರಮಣದ ಕಾಲವನ್ನು ಬಿಟ್ಟರೆ, ಪ್ರತಿದಿನ ಕಹಳೆ ಊದುತ್ತಾರೆ. ಮುಗಿದ ಮೇಲೆ ಯಾರೂ ಚಪ್ಪಾಳೆ ತಟ್ಟಬಾರದು. ಆ ಹೊತ್ತಿನ ದೃಶ್ಯ ಈ ವಿಡಿಯೊದಲ್ಲಿಲ್ಲ, ಏಕೆಂದರೆ ಕ್ಯಾಮೆರಾ ಎತ್ತಲು ನನಗೆ ಮನಸ್ಸಾಗಲಿಲ್ಲ.

ನಾನು ನಿಮಗೆ ನಿಜವಾಗಿ ತೋರಿಸಬೇಕೆಂದಿದ್ದುದು ಮರುದಿನದ ಜಾಗ. ಫ್ರಾನ್ಸಿನ ನ್ಯೂವ್ ಶಪೆಲ್ ನಮ್ಮ ಪಟ್ಟಿಯಲ್ಲಿರಲಿಲ್ಲ; ನಾನು ಕೇಳಿಕೊಂಡ ಮೇಲೆ ಇಪ್ಪತ್ತೈದು ನಿಮಿಷ ಸಿಕ್ಕಿತು. 1914ರ ಶರತ್ಕಾಲದಲ್ಲಿ ತೆಳುವಾದ ಹತ್ತಿಯ ಸಮವಸ್ತ್ರದಲ್ಲೇ ಮಾರ್ಸೇಲ್ಸ್ ಬಂದರಿನಲ್ಲಿಳಿದ ಭಾರತೀಯ ಪಡೆಗಳು ಆ ಚಳಿಗಾಲವನ್ನು ಈ ಸೀಮೆಯ ಕೆಸರಿನ ಕಂದಕಗಳಲ್ಲಿ ಕಳೆದು, 1915ರ ಮಾರ್ಚ್ 10ರಂದು ಇದೇ ಹಳ್ಳಿಯ ಮೇಲೆ ಬ್ರಿಟಿಷ್ ಪಡೆಗಳ ಜೊತೆ ದಾಳಿಗೆ ಹೋದವು. ಹರ್ಬರ್ಟ್ ಬೇಕರ್ ವಿನ್ಯಾಸ ಮಾಡಿದ, 1927ರಲ್ಲಿ ಅನಾವರಣಗೊಂಡ ಈ ದುಂಡು ಸ್ಮಾರಕದ ಒಂದು ಬದಿಯಲ್ಲಿ ನಮ್ಮ ಹಳೆಯ ಕಟ್ಟಡಗಳಲ್ಲಿರುವಂಥ ಕಲ್ಲಿನ ಜಾಲಂಧ್ರ, ಇನ್ನೊಂದು ಬದಿಯಲ್ಲಿ ಮಡಿದ ಭಾರತೀಯರ 4,700ಕ್ಕೂ ಹೆಚ್ಚು ಹೆಸರುಗಳ ಗೋಡೆ, ನಡುವೆ ಅಶೋಕ ಸ್ತಂಭವನ್ನು ನೆನಪಿಸುವ ಎತ್ತರದ ಕಂಬ, ಅದರ ಎರಡೂ ಬದಿಗೆ ಕಲ್ಲಿನ ಹುಲಿಗಳು.

ಕಂಬದಲ್ಲಿರುವ ಹಿಂದಿ ಸಾಲನ್ನು ಓದಿ ಹೇಳೆಂದು ಗೆಳೆಯರು ನನ್ನನ್ನೇ ಮುಂದೆ ತಳ್ಳಿದರು. ಅದು ನನ್ನ ಮಾತೃಭಾಷೆಯಲ್ಲ, ಶಾಲೆಯಲ್ಲಿ ತೃತೀಯ ಭಾಷೆಯಾಗಿ ಕಲಿತದ್ದು ಎಂದು ವಿವರಿಸುವಷ್ಟರಲ್ಲಿ ಐದು ನಿಮಿಷ ಹೋಯಿತು! ದೇವರು ಒಬ್ಬನೇ, ಜಯ ಅವನದೇ ಎಂಬುದು ಅದರ ಅರ್ಥ.

ಗೋಡೆಯಲ್ಲಿ ಹೆಸರುಗಳಿರುವುದು ರೆಜಿಮೆಂಟುಗಳ ಪ್ರಕಾರ. ಮಾರ್ಚ್ 10ರಂದೇ ಮಡಿದು, ಬ್ರಿಟಿಷರ ಅತ್ಯುನ್ನತ ಶೌರ್ಯ ಪದಕವಾದ ವಿಕ್ಟೋರಿಯಾ ಕ್ರಾಸ್ ಪಡೆದ ಗಬ್ಬರ್ ಸಿಂಗ್ ನೇಗಿಯವರ ಹೆಸರು ಗಢ್‌ವಾಲ್ ರೈಫಲ್ಸ್‌ನವರ ಸಾಲಿನಲ್ಲಿದೆ. ಕೆಲವೆಡೆ ಒಂದೇ ಹೆಸರು ಮತ್ತೆ ಮತ್ತೆ ಬರುತ್ತದೆ. ತಂದೆಯ ಹೆಸರಿಲ್ಲ, ಊರಿಲ್ಲ, ಆದ್ದರಿಂದ ಇವನು ಯಾರು, ಅವನು ಯಾರು ಎಂದು ಗೋಡೆಯೆದುರು ನಿಂತವನಿಗೆ ತಿಳಿಯುವುದಿಲ್ಲ. ಟೈನ್ ಕಾಟ್‌ನ ಹೆಸರಿಲ್ಲದ ಕಲ್ಲುಗಳಿಗಿಂತ ಇದೇ ನನ್ನನ್ನು ಹೆಚ್ಚು ಕಾಡಿತು.

ಮೈಸೂರಿನವರನ್ನೂ ಹುಡುಕಿದೆ, ಅದು ನನ್ನ ಅಜ್ಞಾನ. ಮೈಸೂರು ಲ್ಯಾನ್ಸರ್ಸ್ ಅಶ್ವದಳ ಹೋದದ್ದು ಈಜಿಪ್ಟಿಗೆ, ಅಲ್ಲಿಂದ ಪ್ಯಾಲೆಸ್ಟೈನಿಗೆ. 1918ರ ಸೆಪ್ಟೆಂಬರ್ 23ರಂದು ಜೋಧಪುರದ ಸವಾರರೊಡನೆ ಹೈಫಾ ಪಟ್ಟಣವನ್ನು ಗೆದ್ದವರು ಅವರು. ಅವರ ಸ್ಮಾರಕ ಬೆಂಗಳೂರಿನ ಜೆ.ಸಿ. ನಗರದಲ್ಲಿದೆ. ಅದರ ಮುಂದೆ ಎಷ್ಟೋ ಸಲ ಸ್ಕೂಟರಿನಲ್ಲಿ ಹಾದುಹೋಗಿದ್ದೇನೆ, ಒಮ್ಮೆಯೂ ಇಳಿದು ಓದಿಲ್ಲ.

ಉಳಿದದ್ದು ಎಂಟು ನಿಮಿಷ. ಫೋನಿನಲ್ಲಿ ರೆಕಾರ್ಡಿಂಗ್ ಹಾಕಿ, ಒಂದು ಸಾಲನ್ನು ಮೇಲಿನಿಂದ ಗಟ್ಟಿಯಾಗಿ ಓದತೊಡಗಿದೆ. ಈಗ ಹಿನ್ನೆಲೆಯಲ್ಲಿ ಕೇಳಿಸುತ್ತಿರುವುದು ಅದೇ. ಸಾಲು ಮುಗಿಯುವ ಮೊದಲೇ ನಮ್ಮ ಬಸ್ಸಿನ ಹಾರ್ನ್ ಕೇಳಿಸುತ್ತದೆ. ಅದನ್ನು ಕತ್ತರಿಸದೆ ಹಾಗೆಯೇ ಬಿಟ್ಟಿದ್ದೇನೆ.