ನೀಲನಕ್ಷೆಯ ನೀಲಿ

ಕೇಳುಗರೆಲ್ಲರಿಗೂ ನಮಸ್ಕಾರ.

ಬಜೆಟ್ ಬಂತೆಂದರೆ ಅಭಿವೃದ್ಧಿಯ ನೀಲನಕ್ಷೆ ಎಂಬ ಮಾತು ಕಿವಿಗೆ ಬೀಳುತ್ತಲೇ ಇರುತ್ತದೆ. ನಕ್ಷೆಯೇನೋ ಸರಿ, ಅದು ನೀಲಿ ಏಕೆ? ಹಿಂದೆ ಎಂಜಿನಿಯರುಗಳು ನಕ್ಷೆಗಳ ಪ್ರತಿ ತೆಗೆಯುತ್ತಿದ್ದ ಕಾಗದವೇ ನೀಲಿ, ಗೆರೆಗಳು ಬಿಳಿ. ಆ ವಿಧಾನ ಸಯನೋಟೈಪ್. 1842ರಲ್ಲಿ ಅದನ್ನು ಕಂಡುಹಿಡಿದವರು ಇಂಗ್ಲೆಂಡಿನ ಖಗೋಳ ವಿಜ್ಞಾನಿ ಜಾನ್ ಹರ್ಷೆಲ್. ಮರುವರ್ಷವೇ ಅನ್ನಾ ಅಟ್ಕಿನ್ಸ್ ಎಂಬಾಕೆ ಕಡಲ ಪಾಚಿಗಳನ್ನು ಈ ಕಾಗದದ ಮೇಲಿಟ್ಟು, ಬಿಸಿಲಿಗೊಡ್ಡಿ, ಆ ಚಿತ್ರಗಳನ್ನೇ ಪುಸ್ತಕವಾಗಿ ಹೊರತರತೊಡಗಿದರು.

ನನಗೆ ಬೇಕಾಗಿದ್ದುದು ಪಾಚಿಯಲ್ಲ, ಜಗಲಿಯ ಮೇಲೆ ಕುಳಿತ ನಮ್ಮ ಅಜ್ಜಿ. ಫೋಟೋ ಮೊಬೈಲಿನಲ್ಲಿತ್ತು.

ಕಾಗದಕ್ಕೆ ಬಳಿಯುವ ಮದ್ದು ಸುಲಭ. ಬರೆದುಕೊಳ್ಳುವವರು ಬರೆದುಕೊಳ್ಳಿ. 100 ಮಿಲಿಲೀಟರ್ ನೀರಿಗೆ 25 ಗ್ರಾಂ ಫೆರಿಕ್ ಅಮೋನಿಯಂ ಸಿಟ್ರೇಟ್. ಬೇರೆ ಸೀಸೆಯಲ್ಲಿ, ಅಷ್ಟೇ ನೀರಿಗೆ 10 ಗ್ರಾಂ ಪೊಟ್ಯಾಸಿಯಂ ಫೆರಿಸಯನೈಡ್. ಎರಡನ್ನೂ ಸಮನಾಗಿ ಬೆರೆಸಿ, ಮಂದ ಬೆಳಕಿನ ಕೋಣೆಯಲ್ಲಿ ದಪ್ಪ ಕಾಗದಕ್ಕೆ ಬ್ರಷ್‌ನಿಂದ ಬಳಿದು ಒಣಗಿಸಬೇಕು. ಕೈಗವಸು ಇರಲಿ. ಬಲವಾದ ಆಮ್ಲ ಹತ್ತಿರವೂ ಸುಳಿಯದಿರಲಿ, ವಿಷಾನಿಲ ಏಳುತ್ತದೆ.

ಬಿಸಿಲು ತಾಗಿದಲ್ಲಿ ಈ ಮದ್ದು ನೀಲಿಯಾಗುತ್ತದೆ, ತಾಗದಲ್ಲಿ ತೊಳೆದುಹೋಗಿ ಕಾಗದ ಬಿಳಿಯಾಗಿಯೇ ಉಳಿಯುತ್ತದೆ. ಕಷ್ಟವಿರುವುದು ನೆಗೆಟಿವ್‌ನಲ್ಲಿ. ಇಲ್ಲಿ ಚಿತ್ರ ದೊಡ್ಡದು ಮಾಡುವ ಯಂತ್ರವಿಲ್ಲ. ನೆಗೆಟಿವ್ ಎಷ್ಟು ಅಗಲವೋ ಚಿತ್ರವೂ ಅಷ್ಟೇ ಅಗಲ. ಹಾಗಾಗಿ ಕಂಪ್ಯೂಟರಿನಲ್ಲಿ ಫೋಟೋದ ಬಣ್ಣ ತೆಗೆದು, ಕಪ್ಪು ಬಿಳುಪನ್ನು ಅದಲುಬದಲು ಮಾಡಿ, ಪಾರದರ್ಶಕ ಹಾಳೆಯ ಮೇಲೆ ಮುದ್ರಿಸಿಕೊಳ್ಳುತ್ತೇವೆ. ನಾನು ಮೊದಲು ತಂದದ್ದು ಲೇಸರ್ ಪ್ರಿಂಟರಿನ ಹಾಳೆ. ನನ್ನದೋ ಇಂಕ್‌ಜೆಟ್. ಶಾಯಿ ಕೆಸುವಿನ ಎಲೆಯ ಮೇಲಿನ ನೀರಿನಂತೆ ಉರುಳಾಡಿತು! ಇಂಕ್‌ಜೆಟ್‌ಗೆಂದೇ ಲೇಪನವಿರುವ ಹಾಳೆ ತಂದ ಮೇಲೆ, ಶಾಯಿಯ ಮುಖವನ್ನು ಕಾಗದಕ್ಕೆ ಒತ್ತಿ, ಗಾಜು ಹೇರಿ, ಬಿಸಿಲಿಗಿಟ್ಟೆ. ಚಿತ್ರ ಬಂತು. ಗೋಡೆಯ ಮೇಲಿದ್ದ ಮನೆಯ ಹೆಸರು ಮಾತ್ರ ತಿರುಗುಮುರುಗು. ಮುದ್ರಿಸುವ ಮುನ್ನ ಚಿತ್ರವನ್ನು ಕನ್ನಡಿಯಲ್ಲಿ ಕಂಡಂತೆ ಎಡಬಲ ತಿರುಗಿಸಬೇಕೆಂಬುದು ಹಾಗೆ ತಲೆಗೆ ಹೋಯಿತು.

ಹೆಸರು ನೆಟ್ಟಗಾಯಿತು, ಅಜ್ಜಿಯ ಮುಖ ಬರಿಯ ಬಿಳಿ! ಸೀರೆಯೆಲ್ಲ ನೀಲಿಯ ಕೆಸರು. ಪರದೆ ತೋರಿಸುವ ನಡುವಣ ಛಾಯೆಗಳನ್ನು ಈ ಮದ್ದು ಅದೇ ಅಳತೆಯಲ್ಲಿ ಹಿಡಿಯುವುದಿಲ್ಲ. ಇದಕ್ಕೆ ಊಹೆ ಸಾಲದು. ಕಪ್ಪಿನಿಂದ ಬಿಳಿಗೆ ಮೆಟ್ಟಿಲು ಮೆಟ್ಟಿಲಾಗಿ ಇಳಿಯುವ ಪಟ್ಟಿಯೊಂದನ್ನು ಅದೇ ಹಾಳೆಯಲ್ಲಿ ಮುದ್ರಿಸಿ ಬಿಸಿಲಿಗಿಡಬೇಕು. ಶಾಯಿಯೇ ಇಲ್ಲದ ತುದಿಯ ಕೆಳಗೆ ನೀಲಿ ಪೂರ್ತಿ ಗಾಢವಾಗುವುದಕ್ಕೆ ಎಷ್ಟು ನಿಮಿಷ ಬೇಕೋ ಅದೇ ನಮ್ಮ ಸಮಯ. ಆ ಸಮಯದಲ್ಲಿ ಯಾವ ಮೆಟ್ಟಿಲುಗಳು ಒಂದಕ್ಕೊಂದು ಅಂಟಿಕೊಂಡಿವೆ ಎಂದು ನೋಡಿ, ಕಂಪ್ಯೂಟರಿನಲ್ಲಿ ಛಾಯೆಗಳ ಕರ್ವ್, ಅಂದರೆ ಯಾವ ಛಾಯೆ ಎಷ್ಟು ಗಾಢವಾಗಿರಬೇಕೆಂದು ಹೇಳುವ ಗೆರೆಯನ್ನು, ತಿದ್ದಬೇಕು. ನನಗೆ ಇದಕ್ಕೇ ಎರಡು ಭಾನುವಾರ ಹಿಡಿಯಿತು. ಈ ಪಟ್ಟಿಯ ಕೆಲಸ ಬೇಸರದ್ದು, ಆದರೆ ಇದನ್ನು ಬಿಟ್ಟವರು ಕಾಗದ ಹಾಳು ಮಾಡುತ್ತಲೇ ಇರುತ್ತಾರೆ.

ತೊಳೆಯುವಾಗಲೂ ಒಂದು ಎಚ್ಚರ. ಕ್ಷಾರವಿರುವ ಬೋರ್‌ವೆಲ್ ನೀರು ನೀಲಿಯನ್ನು ತಿನ್ನುತ್ತದೆ. ನಾಲ್ಕು ಹನಿ ನಿಂಬೆರಸ ಹಿಂಡಿಕೊಳ್ಳಿ. ಹಳದಿ ನೀರು ಹರಿಯುವುದು ನಿಲ್ಲುವವರೆಗೆ ತೊಳೆದು, ನಾನು ಚಿತ್ರವನ್ನು ಹಗ್ಗಕ್ಕೆ ಕ್ಲಿಪ್ ಹಾಕಿ ತೂಗುಬಿಟ್ಟೆ. ಬೆಳಗಾಗುವಷ್ಟರಲ್ಲಿ ನೀಲಿ ಇನ್ನಷ್ಟು ಗಟ್ಟಿಯಾಗಿತ್ತು. ಅಜ್ಜಿ ಕನ್ನಡಕ ಹಾಕಿಕೊಂಡು ಬಂದು ನೋಡಿದರು, ತಮ್ಮ ಮುಖವನ್ನಲ್ಲ, ಸೀರೆಯ ಅಂಚಿನ ಗೆರೆಗಳನ್ನು. ಮೂರೂ ಇವೆ ಎಂದರು.

ನಮಸ್ಕಾರ.